ಪಾಸ್‌ವರ್ಡ್ ಒಡೆದ ಹುಡುಗನ್ನ ಲ್ಯಾಬಿಂದ ಆಚೆ ಹಾಕ್ಬೇಕಾ?

ಮೇಡಂ, ನಿಮ್ಮ ಪತ್ರ ಎರಡು ಸಲ ಓದ್ದೆ. ಶಾಲೆ ಲ್ಯಾಬಲ್ಲಿ ಒಬ್ಬ ಹುಡುಗ ಯಾರನ್ನೂ ಕೇಳ್ದೆ ಪಾಸ್‌ವರ್ಡ್ ಒಡೆಯೋ ಸಾಫ್ಟ್‌ವೇರ್ ಓಡಿಸಿ, ಆಮೇಲೆ ತಾನಾಗೇ ಬಂದು "ಮಿಸ್, ನಿಮ್ದೂ ಸಿಕ್ತು" ಅಂದ, ಹೆಡ್‌ಮಾಸ್ಟರ್ ಅವನನ್ನ ಇನ್ಮೇಲೆ ಲ್ಯಾಬಿಗೆ ಬಿಡ್ಬೇಡಿ ಅಂತಿದಾರೆ, ಮಕ್ಕಳಿಗೆ ಇಂಥದ್ದಕ್ಕೆಲ್ಲ ಅವಕಾಶ ಕೊಡ್ಬೇಕಾ ಅಂತ ಕೇಳಿದೀರ. ಕೊಡ್ಬೇಕು ಅಂತ್ಲೇ ನಾನು ಹೇಳೋದು, ಆದ್ರೆ ಅವನು ಮಾಡಿದ ರೀತೀಲಲ್ಲ.

ತಾನಾಗೇ ಬಂದು ಹೇಳಿದ್ನಲ್ಲ, ಅದು ಸಣ್ಣ ವಿಷ್ಯ ಅಲ್ಲ ಮೇಡಂ. 1962ರಲ್ಲಿ ಅಮೆರಿಕದ ಎಂಐಟಿ ಅನ್ನೋ ವಿಶ್ವವಿದ್ಯಾಲಯದಲ್ಲಿ ಆಲನ್ ಶೆರ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿ ತನಗೆ ಸಿಗ್ತಿದ್ದ ಕಂಪ್ಯೂಟರ್ ಟೈಮ್ ಸಾಲ್ದೆ ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ತೆಗೆಸ್ಕೊಂಡಿದ್ದ, ಬಾಯಿಬಿಟ್ಟಿದ್ದು ಎಷ್ಟೋ ವರ್ಷ ಆದ್ಮೇಲೆ.

ಆ ಫೈಲಲ್ಲಿ ಪಾಸ್‌ವರ್ಡ್‌ಗಳು ಇದ್ದಂಗೇ ಓದೋಕೆ ಸಿಗ್ತಿದ್ವು. ಈಗ ಹ್ಯಾಶ್ ಮಾಡಿ, ಅಂದ್ರೆ ಒಂದು ಲೆಕ್ಕದ ಸೂತ್ರ ಹಾಕಿ ಗುರುತೇ ಸಿಗದ ಅಕ್ಷರಗಳ ಸಾಲಾಗಿ ಬದಲಾಯ್ಸಿ ಇಡ್ತಾರೆ, ಅದನ್ನ ಹಿಂದಕ್ಕೆ ತಿರುಗಿಸಿ ಮೂಲ ಪದ ತೆಗೆಯೋಕೆ ಬರಲ್ಲ, ಹಾಗಾಗಿ ಆ ಸಾಫ್ಟ್‌ವೇರು ಡಿಕ್ಷನರಿ ಪದ, ಹೆಸರು, ಹುಟ್ಟಿದ ವರ್ಷ ಅಂತ ಒಂದೊಂದನ್ನೇ ಹ್ಯಾಶ್ ಮಾಡಿ ತಾಳೆ ನೋಡ್ತಾ ಹೋಗುತ್ತೆ. ಬರೀ ಇಂಗ್ಲಿಷಿನ ಸಣ್ಣಕ್ಷರದಲ್ಲಿ 6 ಅಕ್ಷರದ ಪಾಸ್‌ವರ್ಡ್ ಅಂದ್ರೆ ಸುಮಾರು 31 ಕೋಟಿ ಸಾಧ್ಯತೆ, 8 ಅಕ್ಷರಕ್ಕೆ ಅದು 20,000 ಕೋಟಿ ದಾಟುತ್ತೆ, ಎರಡೇ ಅಕ್ಷರ ಜಾಸ್ತಿ ಆಗಿದ್ದಕ್ಕೆ 676 ಪಟ್ಟು! ಇದನ್ನ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಕಾಪಿ ಮಾಡ್ಕೊಂಡು ಮರೀತಾರೆ, ತಾವೇ ಇಟ್ಟ ಪಾಸ್‌ವರ್ಡ್ ಕಣ್ಮುಂದೆ ಕ್ಷಣದಲ್ಲಿ ಬಿದ್ದೋದ್ರೆ ಮರೆಯಲ್ಲ.

ಆದ್ರೆ ಒಡೆಯೋದು ನಿಜವಾದ ಅಕೌಂಟ್ ಆಗ್ಬಾರ್ದು, ಇದ್ರಲ್ಲಿ ನಾನು ಒಂದಿಂಚೂ ಬಿಟ್ಕೊಡಲ್ಲ. ಒಂದು ಹುಡುಗಿ ಲ್ಯಾಬಿಗಿಟ್ಟ ಪಾಸ್‌ವರ್ಡನ್ನೇ ತನ್ನ ಈಮೇಲಿಗೂ ಇಟ್ಟಿರ್ತಾಳೆ, ಅದು ಕ್ಲಾಸ್‌ಮೇಟ್ ಕೈಗೆ ಸಿಕ್ರೆ ಅವಳ ಖಾಸಗಿ ಮಾತೆಲ್ಲ ಸಿಕ್ಕಂಗೆ, ಅವನ ಉದ್ದೇಶ ಎಷ್ಟೇ ಒಳ್ಳೇದಿರ್ಲಿ. ಲಾಗಿನ್ ಪೇಜಲ್ಲೇ ಊಹೆ ಮಾಡ್ತಾ ಕೂತ್ರೆ ಅಕೌಂಟ್ ಲಾಕ್ ಆಗಿ ಪ್ರಾಕ್ಟಿಕಲ್ ಪರೀಕ್ಷೆ ದಿನ ಇನ್ಯಾರೋ ಅಳ್ತಾ ನಿಂತಿರ್ತಾರೆ.

ಅದಕ್ಕೇ ಒಂದು ಹಳೇ ಕಂಪ್ಯೂಟರ್ ನೆಟ್‌ವರ್ಕಿಂದ ಬಿಡಿಸಿ ಪಕ್ಕಕ್ಕಿಡಿ, ಅದ್ರಲ್ಲಿ ಸುಳ್ಳು ಹೆಸರಿನ ಅಕೌಂಟ್ ಮಾಡಿ, ಮಕ್ಕಳು ಬೇರೆಲ್ಲೂ ಬಳಸದ ಪಾಸ್‌ವರ್ಡ್ ಹೊಸದಾಗಿ ಕಟ್ಲಿ, ಯಾರ್ದು ಎಷ್ಟೊತ್ತು ತಡ್ಕೊಳುತ್ತೆ ನೋಡ್ಲಿ. ಏನು ಮಾಡ್ಬಹುದು, ಏನು ಮಾಡ್ಬಾರ್ದು ಅಂತ ಹೆಡ್‌ಮಾಸ್ಟರ್ ಸೈನ್ ಇರೋ ಒಂದು ಪತ್ರ ಮೊದ್ಲೇ ಇರ್ಲಿ, ಬಾಯಿಮಾತು ಬೇಡ.

ಇನ್ನು ಆ ಹುಡುಗ. ತೆಗೆದಿದ್ದನ್ನೆಲ್ಲ ನಿಮ್ಮೆದುರೇ ಅಳಿಸೋಕೆ ಹೇಳಿ, ಎಲ್ಲರ ಪಾಸ್‌ವರ್ಡೂ ಇವತ್ತೇ ಬದಲಾಯ್ಸಿ, ನಿಮ್ಮದು ಮೊದ್ಲು. ಕೇಳ್ದೆ ಮಾಡಿದ್ದು ತಪ್ಪು ಅಂತ ಕೂರಿಸಿ ಹೇಳಿ, ಹೇಳಿದ್ಮೇಲೆ ಆ ಹಳೇ ಕಂಪ್ಯೂಟರ್ ರೆಡಿ ಮಾಡೋ ಕೆಲ್ಸ ಅವನಿಗೇ ಕೊಡಿ.