ಸಿಂಗಲ್ ಮಾಲ್ಟ್‌ಗಳನ್ನು (ಒಂದೇ ಭಟ್ಟಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿಗಳನ್ನು) ಹೋಲಿಸಿ ಸವಿಯುವಾಗ ನೀರು ಬೆರೆಸುವುದೇಕೆ?

ಎಲ್ಲವನ್ನೂ ಒಂದೇ ಆಲ್ಕೋಹಾಲ್ ಮಟ್ಟಕ್ಕೆ ತರಲು. ಇಲ್ಲದಿದ್ದರೆ ನೀವು ಹೋಲಿಸುವುದು ರುಚಿಯನ್ನಲ್ಲ, ಉರಿಯನ್ನು. ಇನ್ನೊಂದು ಕಾರಣ ಪರಿಮಳ: ವಿಸ್ಕಿಗೆ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣುವನ್ನು ಹೆಚ್ಚಿನ ಆಲ್ಕೋಹಾಲ್ ಸುತ್ತುವರಿದು ದ್ರವದೊಳಗೇ ಹಿಡಿದಿಡುತ್ತದೆ. ನೀರು ಬೆರೆತಾಗ ಅದು ಮೇಲ್ಮೈಗೆ ಬರುತ್ತದೆ. ಸ್ವೀಡನ್ನಿನ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ತೋರಿಸಿದರು.

ಉದಾಹರಣೆಗೆ, ಆಲ್ಕೋಹಾಲ್ ಪ್ರಮಾಣ ಬೆಂಗಳೂರಿನ ಅಮೃತ್ ಫ್ಯೂಷನ್‌ನಲ್ಲಿ ಶೇ. 50, ಸ್ಕಾಟ್ಲೆಂಡಿನ ಐಲಾ ದ್ವೀಪದ 16 ವರ್ಷದ ಲಗವೂಲಿನ್‌ನಲ್ಲಿ ಶೇ. 43. ತಲಾ 20 ಮಿ.ಲೀ. ಸುರಿದು, ಮೊದಲನೆಯದಕ್ಕೆ 5 ಮಿ.ಲೀ., ಎರಡನೆಯದಕ್ಕೆ ಒಂದೂವರೆ ಮಿ.ಲೀ. ನೀರನ್ನು ಸಿರಿಂಜಿನಲ್ಲಿ ಅಳೆದು ಹಾಕಿದರೆ ಎರಡೂ ಶೇ. 40ರ ಆಸುಪಾಸಿಗೆ ಇಳಿಯುತ್ತವೆ. ಅದಕ್ಕೂ ಮುಂಚೆ ನೀರಿಲ್ಲದೆ ಒಮ್ಮೆ ಮೂಸಿ. ಹಾಕಿದ ನೀರನ್ನು ತೆಗೆಯಲಾಗದು. ಐಸ್ ಬೇಡವೇ ಬೇಡ, ತಣ್ಣಗಾದರೆ ಪರಿಮಳ ಏಳುವುದಿಲ್ಲ. ಲಗವೂಲಿನ್ ಕೊನೆಗಿರಲಿ: ಅದರ ಹೊಗೆ ನಾಲಿಗೆಯ ಮೇಲೆ ಬಹಳ ಹೊತ್ತು ನಿಂತು ಮುಂದಿನದನ್ನು ಮುಚ್ಚಿಹಾಕುತ್ತದೆ.