ಸೈಕಲ್ ಕಟ್ಟೆ: ಹಳೇ ಬಿಎಂಎಕ್ಸೋ, ಹೊಸದೋ?

ಪ್ರಶ್ನೆ: ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಮಂಗೂಸ್ ಕಂಪನಿಯ ಒಂದು ಹಳೇ ಬಿಎಂಎಕ್ಸ್ (ದಿಬ್ಬ ಹಾರಿಸುವ, ಕಸರತ್ತು ಮಾಡುವ ಚಿಕ್ಕ ಚಕ್ರದ ಸೈಕಲ್) ನೋಡಿದೆ. ಕಡ್ಡಿ ಇಲ್ಲದ ಎರಕದ ಚಕ್ರ, ಅದರ ಮೇಲೆ ‘ಮೋಟೋಮ್ಯಾಗ್’ ಅಂತ ಇದೆ. 70ರ ದಶಕದ್ದು ಅನ್ನುತ್ತಾರೆ. ಅಲ್ಲಲ್ಲಿ ತುಕ್ಕು ಹಿಡಿದಿದೆ. ನನ್ನ 11 ವರ್ಷದ ಮಗನಿಗೆ ಸ್ಕೇಟ್‌ಪಾರ್ಕ್‌ಗೆ (ಕಾಂಕ್ರೀಟ್ ಇಳಿಜಾರುಗಳಿರುವ ಆಟದ ಜಾಗ) ಹೋಗಲು ಬಿಎಂಎಕ್ಸ್ ಬೇಕಂತೆ. ಇದಕ್ಕೇ ಪೇಂಟ್ ಹೊಡೆಸಿ ಕೊಡೋಣವೇ, ಹೊಸದು ತರೋಣವೇ? ಎರಡಕ್ಕೂ 20 ಇಂಚಿನ ಚಕ್ರವೇ ಅಲ್ವಾ, ಅಂಥ ವ್ಯತ್ಯಾಸ ಏನಿದೆ?
– ಎಸ್. ಕೆ., ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಆಗುವುದಾದರೆ ಎರಡನ್ನೂ ತೆಗೆದುಕೊಳ್ಳಿ ಸರ್. ಹಳೆಯದು ನಿಮಗೆ, ಹೊಸದು ಮಗನಿಗೆ. ಒಂದಕ್ಕೇ ದುಡ್ಡು ಅಂದರೆ ಮಗನಿಗೆ ಹೊಸದನ್ನು ಕೊಡಿಸಿ. ಹಳೆಯದಕ್ಕೆ ಮಾತ್ರ ದಯವಿಟ್ಟು ಪೇಂಟ್ ಹೊಡೆಸಬೇಡಿ.

ನಾನಿರುವುದು ನಿಮ್ಮ ಹತ್ತಿರದ ಫ್ರೀಮಾಂಟ್‌ನಲ್ಲೇ. ನನ್ನ ಗರಾಜಿನ ಗೋಡೆ ತುಂಬ ಹಳೇ ಬಿಎಂಎಕ್ಸ್‌ಗಳು. ಮಗಳು ಓಡಿಸುವುದು ಹೊಸದನ್ನು. ಎರಡರ ರಿಪೇರಿಯೂ ನನ್ನದೇ.

ಹಳೆಯದನ್ನು ಮಾಡಿದ್ದು ಮಣ್ಣಿನ ದಾರಿಗೆ. 1963ರಲ್ಲಿ ಶಿಕಾಗೋದ ಶ್ವಿನ್ ಕಂಪನಿ ಸ್ಟಿಂಗ್-ರೇ ಅನ್ನುವ ಮಕ್ಕಳ ಸೈಕಲ್ ತಂದಿತು. ಉದ್ದ ಸೀಟು, ಎತ್ತರದ ಹ್ಯಾಂಡಲ್. 60ರ ದಶಕದ ಕೊನೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್, ಅಂದರೆ ಮಣ್ಣುದಾರಿಯ ಮೋಟಾರ್‌ಬೈಕ್ ರೇಸಿನವರನ್ನು ನೋಡಿ, ಅದೇ ಸೈಕಲ್ಲನ್ನು ಮಣ್ಣುದಿಬ್ಬದ ಮೇಲೆ ಹಾರಿಸತೊಡಗಿದರು. ಆ ಪೆಟ್ಟು ಅದಕ್ಕೆ ತಡೆಯಲಿಲ್ಲ. ಫೋರ್ಕ್ ಬಾಗಿತು, ರಿಮ್ ಬೆಂಡಾಯಿತು, ಕಡ್ಡಿ ಮುರಿಯಿತು. ಮುರಿದದ್ದರ ಜಾಗಕ್ಕೆ ಮುರಿಯದ್ದನ್ನು ಮಾಡುತ್ತಾ ಹೋದರು, ಹಾಗೆ ಬಿಎಂಎಕ್ಸ್, ಅಂದರೆ ಬೈಸಿಕಲ್ ಮೋಟೋಕ್ರಾಸ್ ಆಯಿತು. ರೆಡ್‌ಲೈನ್ ಕಂಪನಿಯವರು ಕ್ರೋಮೋಲಿ ಕೊಳವೆಯ ಫೋರ್ಕ್ ಮಾಡಿದರು. ಕ್ರೋಮೋಲಿ ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಗಟ್ಟಿ ಉಕ್ಕು. ಸ್ಕಿಪ್ ಹೆಸ್ ಅನ್ನುವವರು 1974ರ ಹೊತ್ತಿಗೆ ಕಡ್ಡಿಯ ಗೊಡವೆಯೇ ಬೇಡ ಅಂತ ಇಡೀ ಚಕ್ರವನ್ನು ಒಂದೇ ಎರಕದಲ್ಲಿ ತಂದರು. ಅದೇ ನೀವು ನೋಡಿದ ಮೋಟೋಮ್ಯಾಗ್. ಮಂಗೂಸ್ ಸೈಕಲ್ ಬಂದದ್ದು ಆ ಚಕ್ರದ ಬೆನ್ನಿಗೆ. ಹಾಗಾಗಿ ನಿಮ್ಮ ಬೀದಿಯಲ್ಲಿ ನಿಂತಿರುವುದು ಸುಮ್ನೆ ಒಂದು ಹಳೇ ಸೈಕಲ್ ಅಲ್ಲ.

ಈಗ ವ್ಯತ್ಯಾಸಕ್ಕೆ ಬರೋಣ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಮೊದಲು ಕಣ್ಣಿಗೆ ಬೀಳುವುದು ಚೈನ್‌ವೀಲ್, ಅಂದರೆ ಪೆಡಲ್ ಪಕ್ಕದ ಹಲ್ಲುಚಕ್ರ. ಹಳೆಯದರಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 16. ಹೊಸದರಲ್ಲಿ ಮುಂದೆ 25, ಹಿಂದೆ 9. ಭಾಗಿಸಿ ನೋಡಿ: 2.75 ಮತ್ತು 2.78. ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಎರಡೂ ಹೆಚ್ಚುಕಮ್ಮಿ ಅಷ್ಟೇ ದೂರ ಹೋಗುತ್ತವೆ. ಮತ್ತೆ ಚಿಕ್ಕದು ಯಾಕೆ ಮಾಡಿದರು? 44 ಹಲ್ಲಿನ ಚೈನ್‌ವೀಲ್ ಸುಮಾರು 18 ಸೆಂ.ಮೀ. ಅಗಲ ಇರುತ್ತದೆ, 25 ಹಲ್ಲಿನದು 10 ಸೆಂ.ಮೀ. ಸ್ಕೇಟ್‌ಪಾರ್ಕಿನ ಕಾಂಕ್ರೀಟ್ ಅಂಚಿನ ಮೇಲೆ ಸೈಕಲ್ ಹತ್ತಿಸಿದಾಗ ದೊಡ್ಡದು ಬಡಿಯುತ್ತದೆ, ಹಲ್ಲು ಬಾಗುತ್ತದೆ, ಚೈನು ಕಳಚುತ್ತದೆ. ಚಿಕ್ಕದು ಬಡಿಯದೆ ದಾಟಿಕೊಳ್ಳುತ್ತದೆ. ಆದರೆ ತಿರುಗಿಸಿ ಕೂರಿಸುವ ಹಳೇ ಬಗೆಯ ಫ್ರೀವೀಲಿನಲ್ಲಿ (ತುಳಿಯದಿದ್ದಾಗಲೂ ಚಕ್ರ ಉರುಳಲು ಬಿಡುವ ಹಿಂದಿನ ಹಲ್ಲುಚಕ್ರ) 9 ಹಲ್ಲು ಮಾಡಲು ಜಾಗವೇ ಸಾಲದು. ಅದಕ್ಕಾಗಿ ಚಕ್ರದ ನಡುಭಾಗವಾದ ಹಬ್ಬನ್ನೇ ಹೊಸದಾಗಿ ಯೋಚಿಸಿ, ಫ್ರೀವೀಲಿನ ಕೆಲಸವನ್ನು ಅದರ ಒಳಗೆ ಸೇರಿಸಿದರು. ಎಲ್ಲೋ ಒಂದು ಅಂಚಿಗೆ ತಾಗುತ್ತದೆ ಅಂತ ಹೊರಟವರು ಹಿಂದಿನ ಹಬ್ಬಿನವರೆಗೂ ಬದಲಿಸಿದರು ನೋಡಿ. ಈ ಸೈಕಲ್‌ಗಳಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಇದು.

ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೂ ಬೇರೆ. ಹಳೆಯವುಗಳಲ್ಲಿ ಬಹಳಷ್ಟಕ್ಕೆ ಎಡ ತೋಳು, ಅಚ್ಚು, ಬಲ ತೋಳು ಮೂರೂ ಒಂದೇ ಉಕ್ಕಿನ ಸರಳು, ಬಗ್ಗಿಸಿ ಮಾಡಿದ್ದು. ನಮ್ಮೂರಿನ ಸೈಕಲ್ಲಿನ ಕಾಟರ್ ಪಿನ್ನಿನ ರಗಳೆ ಇದರಲ್ಲಿಲ್ಲ. ಆದರೆ ಎತ್ತರದಿಂದ ಕಾಂಕ್ರೀಟಿಗೆ ಮತ್ತೆಮತ್ತೆ ಇಳಿದರೆ ಬಾಗುತ್ತದೆ. ಹೊಸದರಲ್ಲಿ ಮೂರು ತುಂಡು, ಒಳ್ಳೆಯವುಗಳಲ್ಲಿ ಟೊಳ್ಳು ಕ್ರೋಮೋಲಿ ತೋಳುಗಳು. ಒಂದರ ಪೆಡಲ್ ತೆಗೆದು ಇನ್ನೊಂದಕ್ಕೆ ಹಾಕಲೂ ಆಗದು: ಒಂದೇ ತುಂಡಿನ ಕ್ರ್ಯಾಂಕಿಗೆ ಅರ್ಧ ಇಂಚಿನ ಥ್ರೆಡ್, ಮೂರು ತುಂಡಿನದಕ್ಕೆ 9/16 ಇಂಚು. ಹಳೇ ಕ್ರ್ಯಾಂಕ್ ಬಿಚ್ಚುವಾಗ ಎಡಗಡೆಯ ನಟ್ಟು ಉಲ್ಟಾ ಥ್ರೆಡ್ ಅನ್ನುವುದು ನೆನಪಿರಲಿ. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ.

ಹೊಸದರಲ್ಲಿ ಹಿಂದಿನ ಚಕ್ರ ಪೆಡಲ್ ಅಚ್ಚಿಗೆ ತೀರಾ ಹತ್ತಿರ, ಸುಮಾರು 13 ಇಂಚು. ಹ್ಯಾಂಡಲ್ಲೂ ಎತ್ತರ. ಅದಕ್ಕೇ ಮುಂದಿನ ಚಕ್ರ ಎತ್ತುವುದು, ಗಾಳಿಯಲ್ಲಿ ತಿರುಗಿಸುವುದು ಸಲೀಸು. ಹಳೆಯದರಲ್ಲಿ ಹಿಂಭಾಗ ಉದ್ದ. ತಿರುಗಿಸಲು ಹೆಚ್ಚು ಶ್ರಮ ಬೇಕು, ಆದರೆ ಮಣ್ಣುದಾರಿಯಲ್ಲಿ ವೇಗವಾಗಿ ಹೋಗುವಾಗ ಅಲುಗಾಡದೆ ನೇರ ಹೋಗುತ್ತದೆ. ಆ ಓಟದ ಮಟ್ಟಿಗೆ ನನಗೆ ಇವತ್ತಿಗೂ ಹಳೆಯದೇ ಇಷ್ಟ.

ಇಷ್ಟಾದರೂ ಮಗನನ್ನು ಅದರ ಮೇಲೆ ಸ್ಕೇಟ್‌ಪಾರ್ಕಿಗೆ ಕಳಿಸಬೇಡಿ. ಆ ಲೋಹಕ್ಕೆ ಈಗ ನಲವತ್ತು ದಾಟಿದೆ. ಎರಕದ ಚಕ್ರ ಬಾಗುವುದು ಕಡಿಮೆ, ಸೀಳುವುದೇ ಜಾಸ್ತಿ. ಹ್ಯಾಂಡಲ್ ಕೆಳಗಿನ ವೆಲ್ಡಿಂಗ್ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ಅಂತ ಟಾರ್ಚ್ ಹಿಡಿದು ನೋಡಿ. ಹಿಂದಿನ ಅಚ್ಚು ಹಳೆಯದರಲ್ಲಿ 3/8 ಇಂಚು, ಅಂದರೆ ಹತ್ತು ಮಿ.ಮೀ.ಗೂ ಕಡಿಮೆ. ಈಗಿನ ಫ್ರೀಸ್ಟೈಲ್ (ಕಸರತ್ತಿನ) ಸೈಕಲ್‌ಗೆ 14 ಮಿ.ಮೀ. ಅಚ್ಚಿನ ತುದಿಗೆ ಪೆಗ್ ಅನ್ನುವ ಗೂಟ ಹಾಕಿ ಕಂಬಿಯ ಮೇಲೆ ಜಾರುವ ಆಟಕ್ಕೆ ಆ ಸಣ್ಣ ಅಚ್ಚು ತಡೆಯದು.

ಕೊಳ್ಳುವ ಮುಂಚೆ ಸೈಕಲ್ ತಲೆಕೆಳಗು ಮಾಡಿ, ಯಾವ ಕಾಲದ್ದು ಅಂತ ತಿಳಿಯಲು ಫ್ರೇಮಿನ ಸೀರಿಯಲ್ ನಂಬರ್ ಓದಿ. ಪೆಡಲ್ ಅಚ್ಚಿನ ಕೊಳವೆಯ ಅಡಿ ಅಥವಾ ಹಿಂದಿನ ಚಕ್ರ ಕೂರುವ ತಟ್ಟೆಯ ಮೇಲೆ ಇರುತ್ತದೆ. ಮಂಗೂಸ್ ಹೆಸರಿನ ಸೈಕಲ್ ಈಗಲೂ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಹಾಗಾಗಿ ಹೆಸರೊಂದೇ ನೋಡಿ ನಿರ್ಧರಿಸಬೇಡಿ. ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದುಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಸ್ಟಿಕರ್ ಹತ್ತಿರ ಮಾತ್ರ ಹೋಗಬೇಡಿ. ಕಂಪನಿಯ ಮೂಲ ಬಣ್ಣ, ಮೂಲ ಸ್ಟಿಕರ್ ಒಮ್ಮೆ ಹೋದರೆ ಹೋದ ಹಾಗೇ. ಚೆನ್ನಾಗಿ ಪೇಂಟ್ ಹೊಡೆಸಿ ಹಾಳು ಮಾಡಿದ ಎಷ್ಟೋ ಸೈಕಲ್ ನೋಡಿ ನನಗೆ ಸಂಕಟವಾಗಿದೆ.

ಮಗನಿಗೆ ಕೊಳ್ಳುವಾಗ ಫ್ರೇಮ್, ಫೋರ್ಕ್, ಹ್ಯಾಂಡಲ್ ಮೂರೂ ಕ್ರೋಮೋಲಿಯೇ ಅಂತ ಕೇಳಿ. ಕಡಿಮೆ ಬೆಲೆಯವುಗಳಲ್ಲಿ ಒಂದು ಕೊಳವೆ ಮಾತ್ರ ಕ್ರೋಮೋಲಿ, ಉಳಿದದ್ದು ಸಾದಾ ಉಕ್ಕು. ಸೀಲ್ ಬೇರಿಂಗ್ ಇರಲಿ. ಹುಡುಗರು ಬ್ರೇಕ್ ಬೇಡ ಅನ್ನುತ್ತಾರೆ, ಒಪ್ಪಬೇಡಿ. ರಸ್ತೆಗಿಳಿಯುವ ಸೈಕಲ್‌ಗೆ ಬ್ರೇಕ್ ಇರಲೇಬೇಕು, 18 ತುಂಬದವರಿಗೆ ಹೆಲ್ಮೆಟ್ ಇರಲೇಬೇಕು ಅಂತ ಕ್ಯಾಲಿಫೋರ್ನಿಯಾದ ಕಾನೂನೇ ಇದೆ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಎರಡು ಥರದ ಬಿಎಂಎಕ್ಸ್ ನೋಡಿದೆ. ಹಳೇ ಬಿಎಂಎಕ್ಸ್‌ನ ನಿಜವಾದ ವಾರಸುದಾರ ಯಾವುದು?
– ಆರ್. ಎಂ., ದಾವಣಗೆರೆ

ಉತ್ತರ: ರೇಸಿಂಗ್ 2008ರ ಬೀಜಿಂಗ್‌ನಲ್ಲಿ ಸೇರಿತು. ಫ್ರೀಸ್ಟೈಲ್ ಬಂದದ್ದು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ. ರೇಸಿನವರು 8 ಮೀಟರ್ ಎತ್ತರದ ಇಳಿಜಾರಿನಿಂದ ಧುಮುಕಿ ದಿಬ್ಬಗಳನ್ನು ಹಾರುತ್ತಾರೆ. ಇದು 70ರ ದಶಕದ ಮಣ್ಣಾಟವೇ. ಆದರೆ ಸೈಕಲ್ ಈಗ ಅಲ್ಯೂಮಿನಿಯಂ ಅಥವಾ ಕಾರ್ಬನ್. ಟೈರು ಸಪೂರ, ಶೂ ಪೆಡಲ್‌ಗೆ ಕ್ಲಿಪ್ ಆಗಿ ಕೂರುತ್ತದೆ. ಫ್ರೀಸ್ಟೈಲಿನವರು ಕ್ರೋಮೋಲಿ ಉಕ್ಕನ್ನೇ ನೆಚ್ಚಿಕೊಂಡಿದ್ದಾರೆ, ಟೈರು ದಪ್ಪ. ಅಂದರೆ ಹಳೆಯದರ ಕೆಲಸ ಒಂದಕ್ಕೆ ಹೋಯಿತು, ಲೋಹ ಇನ್ನೊಂದಕ್ಕೆ ಹೋಯಿತು. ಒಂದನ್ನೇ ಹೇಳಿ ಅಂದರೆ ನಾನು ರೇಸ್ ಸೈಕಲ್ಲನ್ನೇ ಹೇಳುತ್ತೇನೆ. ಕೊಲಂಬಿಯಾದ ಮರಿಯಾನಾ ಪಹೋನ್ 2012, 2016ರಲ್ಲಿ ಎರಡು ಚಿನ್ನ ಗೆದ್ದ ಓಟಗಳನ್ನು ನೋಡಿ, ನಿಮಗೂ ಹಾಗೇ ಅನ್ನಿಸಬಹುದು.

ಪ್ರಶ್ನೆ: ಹಳೇ ಸ್ಟಿಂಗ್-ರೇ ಸಿಕ್ಕಿತು. ಟೈರಿನ ಮೇಲೆ 20 x 1-3/4 ಅಂತ ಇದೆ. ಅದಕ್ಕೆಂದು 20 x 1.75 ತಂದರೆ ರಿಮ್ಮಿಗೆ ಏರುತ್ತಲೇ ಇಲ್ಲ. ಎರಡೂ ಒಂದೇ ತಾನೆ?
– ವಿ. ಜಿ., ಎಡಿಸನ್, ನ್ಯೂಜೆರ್ಸಿ

ಉತ್ತರ: ಲೆಕ್ಕದಲ್ಲಿ ಒಂದೇ, ಟೈರಿನಲ್ಲಿ ಬೇರೆ. 1.75 ಅಂತ ದಶಮಾಂಶದಲ್ಲಿ ಬರೆದದ್ದು ಬಿಎಂಎಕ್ಸ್ ಅಳತೆ, ಅದರ ರಿಮ್ 406 ಮಿ.ಮೀ. 1-3/4 ಅಂತ ಬರೆದದ್ದು ಶ್ವಿನ್‌ನವರ ಸ್ವಂತ ಅಳತೆ, ರಿಮ್ 419 ಮಿ.ಮೀ. 13 ಮಿ.ಮೀ. ವ್ಯತ್ಯಾಸ, ಎಷ್ಟು ಎಳೆದರೂ ಏರದು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ರಿಮ್ ಹಾಳಾಗುತ್ತದೆ. ಟೈರು ವಾಪಸ್ ಕೊಟ್ಟು ‘ಶ್ವಿನ್ ಎಸ್-7’ ಅಂತ ಕೇಳಿ, ಈಗಲೂ ಹೊಸದಾಗಿ ಸಿಗುತ್ತದೆ. ಮುಂದಿನ, ಹಿಂದಿನ ರಿಮ್‌ಗಳ ಮೇಲಿನ ಗುರುತು ಬೇರೆಬೇರೆಯಾಗಿ ಓದಿ, ಕೆಲವು ಸ್ಟಿಂಗ್-ರೇಗಳಲ್ಲಿ ಎರಡೂ ಒಂದೇ ಅಳತೆ ಇರುವುದಿಲ್ಲ. ಟ್ಯೂಬ್ ಮಾತ್ರ 1.75ರದ್ದೇ ನಡೆಯುತ್ತದೆ, ಅದನ್ನು ಇಟ್ಟುಕೊಳ್ಳಿ.