ರೋಗಿಯ ಕೋಣೆಯಿಂದ ಹೊರಗೆ ಬನ್ನಿ: ಒಂದು ಪ್ರಬಂಧಕ್ಕೆ ಸಂಪಾದಕರ ಉತ್ತರ

ಪ್ರಿಯರೆ,

‘ಕಾಯಿಲೆಯೂ ಷೇರುಪೇಟೆಯೂ’ ಎಂಬ ನಿಮ್ಮ ಪ್ರಬಂಧ ತಲುಪಿದೆ. ಆಪಲ್ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರ ಕಾಯಿಲೆಯ ಸುತ್ತ 2004ರಿಂದ 2011ರವರೆಗೆ ಎದ್ದ ಗದ್ದಲವನ್ನು ಎತ್ತಿಕೊಂಡು, ಪ್ರಸಿದ್ಧ ಮನುಷ್ಯನೊಬ್ಬನ ಆರೋಗ್ಯದ ವಿವರ ಕೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ನೀವು ಮುಂದಿಟ್ಟಿದ್ದೀರಿ. ವಿಷಯ ಒಳ್ಳೆಯದು, ಭಾಷೆಯಲ್ಲಿ ತಪ್ಪಿಲ್ಲ, ಓದಿಕೊಂಡು ಬರೆದಿದ್ದೀರಿ ಎಂಬುದೂ ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಇಂಥ ಸಂದರ್ಭದಲ್ಲಿ ನಮ್ಮ ಕಚೇರಿಯಿಂದ ಎರಡು ಸಾಲಿನ ವಿಷಾದಪತ್ರ ಹೋಗುವುದು ರೂಢಿ. ನಿಮ್ಮ ಮೊದಲ ಪುಟ ನನ್ನನ್ನು ಕೆರಳಿಸಿತು, ನಾಲ್ಕನೆಯ ಪುಟ ಹಿಡಿದು ನಿಲ್ಲಿಸಿತು. ಹಾಗಾಗಿ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಮೆಂಫಿಸ್ ನಗರದ ಆಸ್ಪತ್ರೆಯ ಮಬ್ಬು ಬೆಳಕಿನ ಕೋಣೆಯಲ್ಲಿ, ಸಾವು ಬಾಗಿಲ ಬಳಿ ಕಾದು ನಿಂತಿರುವಾಗ, ಜಗತ್ತನ್ನೇ ಗೆದ್ದ ಆ ಮನುಷ್ಯ ಕಿಟಕಿಯಾಚೆ ದೃಷ್ಟಿ ನೆಟ್ಟು ತಾನೆಷ್ಟು ಒಂಟಿ ಎಂದು ನಿಟ್ಟುಸಿರಿಟ್ಟ.’ ಇದರಲ್ಲಿ ನಮಗೆ ಖಚಿತವಾಗಿ ಗೊತ್ತಿರುವ ಸಂಗತಿ ಒಂದೇ. 2009ರ ಮಾರ್ಚ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್‌ನ ಆಸ್ಪತ್ರೆಯಲ್ಲಿ ಅವರಿಗೆ ಯಕೃತ್ತಿನ ಕಸಿ ನಡೆಯಿತು. ಬೆಳಕು ಮಬ್ಬಾಗಿತ್ತೆಂದು ನಿಮಗೆ ಯಾರು ಹೇಳಿದರು? ಹೆಂಡತಿ, ಮಕ್ಕಳು, ತಂಗಿ ಇದ್ದ ಮನುಷ್ಯನನ್ನು ಒಂಟಿಯಾಗಿಸಿದವರು ಯಾರು? ಆ ಕೋಣೆಗೆ ಪತ್ರಕರ್ತರು ಹೋಗಿರಲಿಲ್ಲ, ಷೇರುದಾರರು ಹೋಗಿರಲಿಲ್ಲ; ಕಸಿ ನಡೆದಿದೆ ಎಂಬುದೇ ಜೂನ್‌ವರೆಗೆ ಹೊರಗಿನವರಿಗೆ ತಿಳಿದಿರಲಿಲ್ಲ. ಯಾರಿಗೂ ಪ್ರವೇಶವಿಲ್ಲದ ಆ ಕೋಣೆಗೆ ಮೊದಲ ಸಾಲಿನಲ್ಲೇ ಹೊಕ್ಕು, ಹಾಸಿಗೆಯ ಪಕ್ಕ ನಿಂತು, ರೋಗಿಯ ಎದೆಯೊಳಗಿನದನ್ನೂ ಓದಿ ಹೇಳುತ್ತಿರುವವರು ನೀವು.

ಎರಡನೆಯ ವಾಕ್ಯ: ‘ಮೂಳೆಯ ಮೇಲೆ ಚರ್ಮವನ್ನಷ್ಟೇ ಹೊದ್ದಿದ್ದ ಆ ದೇಹದಲ್ಲಿ ಕಣ್ಣುಗಳು ಮಾತ್ರ ಉರಿಯುತ್ತಿದ್ದವು.’ ಈ ದೇಹ ನಿಮಗೆ ಸಿಕ್ಕಿದ್ದು ಛಾಯಾಚಿತ್ರಗಳಲ್ಲಿ. 2008ರ ಜೂನ್‌ನಲ್ಲಿ ಕಂಪನಿಯ ಸಮ್ಮೇಳನದ ವೇದಿಕೆಗೆ ಅವರು ಬಹಳ ಕೃಶರಾಗಿ ಬಂದಾಗ ತೆಗೆದ ಚಿತ್ರಗಳು ಅವು; ಅಂದು ಕಂಪನಿ ಅದನ್ನು ಸಾಮಾನ್ಯ ಸೋಂಕು ಎಂದು ವಿವರಿಸಿತ್ತು. ನಿಮ್ಮ ಆರನೆಯ ಪ್ಯಾರಾದಲ್ಲಿ ಇದೇ ಚಿತ್ರಗಳ ಬಗ್ಗೆ ‘ಹಿಗ್ಗಿಸಿ ನೋಡಿ ಕೆನ್ನೆಯ ಗುಳಿ ಅಳೆದವರು ಮನುಷ್ಯತ್ವವನ್ನೇ ಮರೆತವರು’ ಎಂದು ಬರೆದಿದ್ದೀರಿ. ಆ ಸಿಟ್ಟು ನಿಜವಾದದ್ದಾದರೆ ಎರಡನೆಯ ವಾಕ್ಯ ಉಳಿಯಕೂಡದು. ಎರಡನೆಯ ವಾಕ್ಯವೇ ಬೇಕೆಂದಾದರೆ ಆರನೆಯ ಪ್ಯಾರಾ ಬರೆಯುವ ಹಕ್ಕು ನಿಮಗಿಲ್ಲ.

ಮೂರನೆಯದು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿತು: ‘ವೈದ್ಯರ ಮಾತು ಕೇಳದ ಅಹಂಕಾರವೇ ಕೊನೆಗೆ ಅವನನ್ನು ಕೊಂದಿತು.’ ದಾಖಲೆಯಲ್ಲಿ ಇರುವುದು ಇಷ್ಟು. 2003ರ ಅಕ್ಟೋಬರ್‌ನಲ್ಲಿ ಅವರ ಮೇದೋಜೀರಕ ಗ್ರಂಥಿಯಲ್ಲಿ ಗೆಡ್ಡೆ ಪತ್ತೆಯಾಯಿತು. ಅದು ಆ ಅಂಗದ ಸಾಮಾನ್ಯ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವ ಅಪರೂಪದ ಬಗೆ. ಆಹಾರ ಪಥ್ಯ ಮತ್ತಿತರ ದಾರಿಗಳನ್ನು ನಂಬಿ ಅವರು ಸುಮಾರು ಒಂಬತ್ತು ತಿಂಗಳು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. 2004ರ ಜುಲೈ ಕೊನೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು, ಮರುದಿನ ನೌಕರರಿಗೆ ಪತ್ರ ಬರೆದು ತಿಳಿಸಿದರು. ಅದಾದ ಮೇಲೆ ಏಳು ವರ್ಷ ಬದುಕಿ 2011ರ ಅಕ್ಟೋಬರ್ 5ರಂದು, 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಒಂಬತ್ತು ತಿಂಗಳು ಫಲಿತಾಂಶವನ್ನು ಬದಲಿಸಿತೆ ಎಂದು ಆಣೆ ಮಾಡಿ ಹೇಳಬಲ್ಲ ವೈದ್ಯರಿಲ್ಲ. ನೀವು ಒಂದು ವಾಕ್ಯದಲ್ಲಿ ತೀರ್ಪು ಕೊಟ್ಟುಬಿಟ್ಟಿರಿ. ನಮ್ಮಲ್ಲಿ ರೋಗಿಯನ್ನು ನೋಡಲು ಬಂದವರು ಕುರ್ಚಿಯಲ್ಲಿ ಕೂರುವ ಮುನ್ನವೇ ‘ಮೊದಲೇ ಯಾಕೆ ತೋರಿಸಲಿಲ್ಲ, ಏನು ತಿನ್ನುತ್ತಿದ್ದಿರಿ’ ಎಂದು ಕೇಳುವುದನ್ನು ನೀವೂ ಕಂಡಿರಬೇಕು. ಕೇಳುವವರಿಗೆ ಅದರಿಂದ ಒಂದು ಧೈರ್ಯ ಸಿಗುತ್ತದೆ: ತಪ್ಪು ಮಾಡಿದವನಿಗೆ ಬಂತು, ನಮಗೆ ಬರುವುದಿಲ್ಲ. ಜಾಬ್ಸ್ ಅವರ ವಿಷಯದಲ್ಲಿ ಇಡೀ ಜಗತ್ತಿನ ಅಂಕಣಕಾರರು ಮಾಡಿದ್ದು ಇದನ್ನೇ. ಸಾರ್ವಜನಿಕ ಪ್ರತಿಕ್ರಿಯೆ ನಿಮ್ಮ ವಿಷಯವಾದರೆ, ರೋಗಿಯನ್ನೇ ಹೊಣೆ ಮಾಡುವ ಈ ಅಭ್ಯಾಸ ನಿಮ್ಮ ಪರಿಶೀಲನೆಗೆ ಒಳಗಾಗಬೇಕಿತ್ತು. ಅದು ನಿಮ್ಮದೇ ದನಿಯಾಗಿ ಬಂದಿದೆ.

ಇದರ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಮಾತನಾಡುವುದಕ್ಕೆ ಕಾರಣವಿದೆ. ನಾನು ಈ ವೃತ್ತಿ ಕಲಿತದ್ದು ಬೆಂಗಳೂರಿನ ಒಂದು ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ, ಟೆಲಿಪ್ರಿಂಟರ್ ಇನ್ನೂ ಸದ್ದು ಮಾಡುತ್ತಿದ್ದ ಕಾಲದಲ್ಲಿ. ಹೊಸದಾಗಿ ಸೇರಿದವರಿಗೆ ಮೊದಲು ಕೊಡುತ್ತಿದ್ದ ಕೆಲಸ ಬದುಕಿರುವವರ ನಿಧನವಾರ್ತೆ ಬರೆದಿಡುವುದು. ವಯಸ್ಸಾದ ಸಾಹಿತಿಗಳು, ರಾಜಕಾರಣಿಗಳು, ಉದ್ಯಮಿಗಳು, ಪ್ರತಿಯೊಬ್ಬರಿಗೂ ಕಂದು ಬಣ್ಣದ ಒಂದೊಂದು ಲಕೋಟೆ. ಅದರೊಳಗೆ ಜೀವನದ ವಿವರ, ಒಂದು ಫೋಟೊ, ದಿನಾಂಕಕ್ಕೆಂದು ಬಿಟ್ಟ ಖಾಲಿ ಜಾಗ. ಆ ಲಕೋಟೆಗಳೆಲ್ಲ ಸುದ್ದಿ ಸಂಪಾದಕರ ಮೇಜಿನ ಬಲಗಡೆಯ ಕೆಳಗಿನ ಸೆಳೆಖಾನೆಯಲ್ಲಿ ಅಕ್ಷರಕ್ರಮದಲ್ಲಿ ಇರುತ್ತಿದ್ದವು, ಬೀಗದ ಕೈ ಅವರ ಜೇಬಿನಲ್ಲಿ. ಒಂದು ರಾತ್ರಿ ನಗರದ ದೊಡ್ಡ ಉದ್ಯಮಿಯೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರೆಂದು ಫೋನುಗಳು ಬರತೊಡಗಿದವು. ಹಿರಿಯ ವರದಿಗಾರರೊಬ್ಬರು ಆಸ್ಪತ್ರೆಯ ಗೇಟಿನಿಂದಲೇ ಬಂದು ‘ಬಹುಕಾಲದ ವ್ಯಾಧಿಯಿಂದ ಜರ್ಜರಿತರಾಗಿ, ಗುರುತು ಸಿಗದಷ್ಟು ಸೊರಗಿ’ ಎಂದು ಬರೆದು ಮೇಜಿನ ಮೇಲಿಟ್ಟರು. ಸುದ್ದಿ ಸಂಪಾದಕರು ಓದಿ, ‘ಗುರುತು ಸಿಗದಷ್ಟು’ ಎಂಬಲ್ಲಿ ಪೆನ್ಸಿಲ್ ನಿಲ್ಲಿಸಿ, ‘ನೀವು ಒಳಗೆ ಹೋಗಿ ನೋಡಿದಿರಾ?’ ಎಂದರು. ಇಲ್ಲ ಎಂಬ ಉತ್ತರ ಬಂದ ಮೇಲೆ ಆ ಸಾಲು ಹೊಡೆದರು. ಮನೆಯವರಿಂದಾಗಲಿ ವೈದ್ಯರಿಂದಾಗಲಿ ಮಾತು ಬರುವವರೆಗೆ ಸೆಳೆಖಾನೆ ತೆರೆಯುವುದಿಲ್ಲವೆಂದು ಹೇಳಿ, ಆ ಜಾಗಕ್ಕೆ ಮಳೆಯ ಸುದ್ದಿ ಹಾಕಿಸಿದರು. ಆ ಉದ್ಯಮಿ ಚೇತರಿಸಿಕೊಂಡು ಮನೆಗೆ ಹೋದರು. ಮುಂದೆ ಹಲವು ವರ್ಷ ಅವರ ಲಕೋಟೆಗೆ ಹೊಸ ಸಂಗತಿ ಸೇರಿಸುವ ಕೆಲಸ ನನ್ನದೇ ಆಗಿತ್ತು, ಪ್ರತಿ ಸಲವೂ ಆ ಪ್ರಶ್ನೆ ನೆನಪಾಗುತ್ತಿತ್ತು.

2008ರ ಆಗಸ್ಟ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯಿಂದ ಜಾಬ್ಸ್ ಅವರ ಸಿದ್ಧ ನಿಧನವಾರ್ತೆ ಕೈತಪ್ಪಿ ಹೊರಬಿದ್ದಾಗ ನನಗೆ ಆ ಸೆಳೆಖಾನೆ ಕಣ್ಣಿಗೆ ಕಟ್ಟಿತು. ವಯಸ್ಸಿನ ಜಾಗ ಖಾಲಿ, ಯಾರ್ಯಾರಿಗೆ ಕರೆ ಮಾಡಿ ಪ್ರತಿಕ್ರಿಯೆ ಪಡೆಯಬೇಕೆಂಬ ಟಿಪ್ಪಣಿ ಸಹಿತ, ಬದುಕಿರುವ ಮನುಷ್ಯನ ಕಣ್ಣೆದುರೇ ಅದು ಬಂತು. ನೀವು ಇದನ್ನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಕಲ್ಪಿಸಿದ ಮಬ್ಬು ಬೆಳಕಿಗೆ ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಈ ನಿಜ ಘಟನೆಗೆ ಕೊಡಬಹುದಿತ್ತು.

ಎರಡನೆಯ ದೋಷ ಮೂರನೆಯ ಪುಟದ್ದು. ಅಲ್ಲಿ ನೀವು ‘ಜನರಿಗೆ ತಾಳ್ಮೆಯಿಲ್ಲ, ಜನರಿಗೆ ಕರುಣೆಯಿಲ್ಲ, ಜನರಿಗೆ ಬೇಕಾದದ್ದು ಸುದ್ದಿ’ ಎಂದು ಎಲ್ಲರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಆ ಗಂಟನ್ನು ಬಿಚ್ಚಿ ನೋಡಿ. 2008ರ ಅಕ್ಟೋಬರ್ 3ರಂದು ಸಿಎನ್‌ಎನ್‌ನಲ್ಲಿ ಓದುಗರೇ ಬರೆಯಬಹುದಾಗಿದ್ದ ವಿಭಾಗದಲ್ಲಿ ಯಾರೋ ಅವರಿಗೆ ಹೃದಯಾಘಾತವಾಗಿದೆ ಎಂದು ಸುಳ್ಳು ಹಾಕಿದರು, ಷೇರಿನ ಬೆಲೆ ಕುಸಿಯಿತು, ಕಂಪನಿ ಅಲ್ಲಗಳೆದ ಮೇಲೆ ಚೇತರಿಸಿಕೊಂಡಿತು. ಆ ಸುಳ್ಳು ಬರೆದವನೂ ಅದನ್ನು ನಂಬಿ ನಷ್ಟಕ್ಕೆ ಷೇರು ಮಾರಿದ ಸಣ್ಣ ಹೂಡಿಕೆದಾರನೂ ಒಂದೇ ‘ಜನ’ವೆ? 2009ರ ಜನವರಿ 5ರಂದು ಜಾಬ್ಸ್ ಅವರು ತಮಗಿರುವುದು ಹಾರ್ಮೋನಿನ ಅಸಮತೋಲನ, ಚಿಕಿತ್ಸೆ ಸರಳ ಎಂದು ಬಹಿರಂಗ ಪತ್ರ ಬರೆದರು. ಅದೇ ತಿಂಗಳ 14ರಂದು, ಸಮಸ್ಯೆ ತಿಳಿದುಕೊಂಡದ್ದಕ್ಕಿಂತ ಜಟಿಲವಾಗಿದೆ ಎಂದು ಹೇಳಿ ಜೂನ್ ಕೊನೆಯವರೆಗೆ ರಜೆ ತೆಗೆದುಕೊಂಡು, ದೈನಂದಿನ ಆಡಳಿತವನ್ನು ಟಿಮ್ ಕುಕ್ ಅವರಿಗೆ ವಹಿಸಿದರು. ಈ ಎರಡು ಪತ್ರಗಳ ನಡುವೆ ಷೇರು ಕೊಂಡವನು ‘ನನಗೆ ಮೊದಲೇ ಹೇಳಬೇಕಿತ್ತು’ ಎಂದರೆ ಅದು ಕ್ರೌರ್ಯವಲ್ಲ. ಆ ವರ್ಷ ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಕೂಡ ಇಂಥ ಕಾಯಿಲೆ ಷೇರುದಾರರಿಗೆ ತಿಳಿಯಬೇಕಾದ ಸಂಗತಿ ಎಂದು ವಾದಿಸಿದರು. 2012ರ ಏಪ್ರಿಲ್‌ನಲ್ಲಿ ತಮಗೇ ಪ್ರಾಸ್ಟೇಟ್ ಕ್ಯಾನ್ಸರ್ ಬಂದಾಗ ತಮ್ಮ ಕಂಪನಿಯ ಷೇರುದಾರರಿಗೆ ತಾವೇ ಪತ್ರ ಬರೆದು ತಿಳಿಸಿದರು.

ನೀವು ಪೂರ್ತಿ ಮರೆತ ಇನ್ನೊಂದು ಗುಂಪಿದೆ: ಯಕೃತ್ತಿಗಾಗಿ ಕಾಯುತ್ತಿದ್ದ ಇತರ ರೋಗಿಗಳು. ಜಾಬ್ಸ್ ವಾಸವಿದ್ದ ಕ್ಯಾಲಿಫೋರ್ನಿಯಾದಲ್ಲಿ ಕಾಯುವ ಪಟ್ಟಿ ಉದ್ದವಾಗಿತ್ತು, ಟೆನೆಸಿಯಲ್ಲಿ ಅದಕ್ಕಿಂತ ಚಿಕ್ಕದಾಗಿತ್ತು. ಒಂದಕ್ಕಿಂತ ಹೆಚ್ಚು ಕಡೆ ಹೆಸರು ನೋಂದಾಯಿಸಲು ಅಲ್ಲಿನ ನಿಯಮ ಅವಕಾಶ ಕೊಡುತ್ತದೆ. ಆದರೆ ಕರೆ ಬಂದ ಕೆಲವೇ ಗಂಟೆಗಳಲ್ಲಿ ದೂರದ ಊರಿನ ಆಸ್ಪತ್ರೆ ತಲುಪುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಹಣವಂತರಿಗೆ ಬೇರೆ ಸಾಲು ಇದೆಯೆ ಎಂದು ಕಾಯುತ್ತಿದ್ದವರು ಕೇಳಿದರು. ಆಸ್ಪತ್ರೆ ರೋಗಿಯ ಅನುಮತಿ ಪಡೆದೇ ಉತ್ತರ ಕೊಟ್ಟಿತು: ಅಂಗ ದೊರೆತ ಹೊತ್ತಿನಲ್ಲಿ ಜಾಬ್ಸ್ ಅವರ ರಕ್ತದ ಗುಂಪಿನ ಪಟ್ಟಿಯಲ್ಲಿ ಅತ್ಯಂತ ಗಂಭೀರ ಸ್ಥಿತಿಯಲ್ಲಿದ್ದವರು ಅವರೇ. ಆ ಪ್ರಶ್ನೆ ಕೇಳಿದವರನ್ನು ಕುತೂಹಲಿಗಳೆಂದು ಕರೆಯಲು ನನಗೆ ಮನಸ್ಸು ಬಾರದು. ನಮ್ಮ ರಾಜ್ಯದಲ್ಲೂ ಅಂಗದಾನ ನೋಡಿಕೊಳ್ಳುವ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಿ ಫೋನು ಹತ್ತಿರವೇ ಇಟ್ಟುಕೊಂಡು ಮಲಗುವ ಕುಟುಂಬಗಳಿವೆ, ಅವರಲ್ಲಿ ಒಬ್ಬರೊಡನೆ ಮಾತನಾಡಿ ಬಂದರೆ ನಿಮ್ಮ ಮೂರನೆಯ ಪುಟವನ್ನು ನೀವೇ ಮತ್ತೆ ಬರೆಯುತ್ತೀರಿ.

ಅದೇ ಪುಟದ ಕೊನೆಗೆ ‘ನಮ್ಮ ದೇಶದಲ್ಲಂತೂ ಖಾಸಗಿತನಕ್ಕೆ ಕಾನೂನಿನ ಬೆಲೆಯೇ ಇಲ್ಲ’ ಎಂದಿದ್ದೀರಿ. ಬೆಂಗಳೂರಿನಲ್ಲಿ ಕುಳಿತು ಈ ಮಾತು ಬರೆಯಬಾರದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿಯೇ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಇನ್ನೊಂದು ಕಡೆ, 2023ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನ್ನ ನಿಯಮಗಳಿಗೆ ಒಂದು ಅಂಶ ಸೇರಿಸಿತು: ಷೇರುಪೇಟೆಯಲ್ಲಿರುವ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗಲಿ ಮುಖ್ಯ ಕಾರ್ಯನಿರ್ವಾಹಕರಾಗಲಿ ಯಾವುದೇ 90 ದಿನಗಳ ಅವಧಿಯಲ್ಲಿ 45 ದಿನಗಳಿಗಿಂತ ಹೆಚ್ಚು ಕಾಲ ಅಸ್ವಸ್ಥತೆಯಿಂದಲೋ ಅಲಭ್ಯತೆಯಿಂದಲೋ ಕೆಲಸ ಮಾಡಲಾಗದಿದ್ದರೆ, ಕಾರಣ ಸಹಿತ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ‘ಕಾರಣ’ ಎಂದರೆ ಎಷ್ಟು? ಆರೋಗ್ಯ ಸರಿಯಿಲ್ಲ ಎಂದರೆ ಸಾಕೆ, ಯಾವ ಅಂಗದಲ್ಲಿ ಏನೆಂದು ಹೇಳಬೇಕೆ? ಹೂಡಿಕೆದಾರನಿಗೆ ನಿಜವಾಗಿ ಬೇಕಾದದ್ದು ಈಗ ಕಂಪನಿಯನ್ನು ನಡೆಸುತ್ತಿರುವವರು ಯಾರು, ಎಷ್ಟು ದಿನ ಎಂಬ ಉತ್ತರ. ವೈದ್ಯಕೀಯ ವರದಿ ಅವನಿಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕೆಂದಿಲ್ಲ, ಆದರೆ ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಈಗ ನಾಲ್ಕನೆಯ ಪುಟ. 2011ರ ಅಕ್ಟೋಬರ್ 6ರ ನಸುಕು, ನಮ್ಮಲ್ಲಿ ವಿಜಯದಶಮಿ. ವೈಟ್‌ಫೀಲ್ಡಿನ ಕಚೇರಿಯಲ್ಲಿ ನೀವು ರಾತ್ರಿ ಪಾಳಿಯಲ್ಲಿದ್ದಿರಿ. ಹಿಂದಿನ ದಿನದ ಆಯುಧಪೂಜೆಯ ಕುಂಕುಮ ಮಾನಿಟರಿನ ಅಂಚಿನಲ್ಲಿ ಇನ್ನೂ ಇತ್ತು, ಚೆಂಡುಹೂವು ಕೀಲಿಮಣೆಯ ಮೇಲೆ ಉದುರಿತ್ತು. ಅಮೆರಿಕದಿಂದ ಕರೆ ಮಾಡಿದ ಗ್ರಾಹಕರೊಬ್ಬರು ತಮ್ಮ ತೊಂದರೆ ಹೇಳುವುದನ್ನು ಅರ್ಧಕ್ಕೆ ಬಿಟ್ಟು ‘ಸುದ್ದಿ ಕೇಳಿದಿರಾ?’ ಎಂದರು. ಪಕ್ಕದವರು ಮೊದಲು ಹುಡುಕಿದ್ದು ಷೇರಿನ ಬೆಲೆ, ಆಮೇಲೆ ಜಾಬ್ಸ್ ಹೇಗೆ ಸತ್ತರೆಂಬುದು, ಆಮೇಲೆ ವಯಸ್ಸು; ವಯಸ್ಸು ನೋಡಿದ ಮೇಲೆ ಒಬ್ಬರು ಊರಿಗೆ ಫೋನು ಮಾಡಿ ತಂದೆಯನ್ನು ಮಾತನಾಡಿಸಿದರು. ಇಷ್ಟನ್ನು ನೀವು ಏಳು ಸಾಲಿನಲ್ಲಿ ಮುಗಿಸಿ ಮತ್ತೆ ‘ಜಗತ್ತು ಕಂಬನಿ ಮಿಡಿಯಿತು’ ಎಂಬ ವಾಕ್ಯಕ್ಕೆ ಹೋಗಿದ್ದೀರಿ. ಆ ಏಳು ಸಾಲಿನಲ್ಲಿ ನೀವು ಕಾಣದ್ದು ಒಂದೂ ಇಲ್ಲ. ಸಾರ್ವಜನಿಕ ಪ್ರತಿಕ್ರಿಯೆ ಹೇಗೆ ಕದಲುತ್ತದೆ, ಹಣದಿಂದ ಕುತೂಹಲಕ್ಕೆ, ಕುತೂಹಲದಿಂದ ಭಯಕ್ಕೆ, ಭಯದಿಂದ ಸ್ವಂತ ತಂದೆಯ ಕಡೆಗೆ ಎಂಬುದು ಅಲ್ಲಿ ಪೂರ್ತಿಯಾಗಿ ಇದೆ. ನಿಮ್ಮ ಪ್ರಬಂಧ ಶುರುವಾಗಬೇಕಾದದ್ದು ಅಲ್ಲಿಂದ.

ಹೀಗೆ ಮಾಡಿ. ಮೊದಲ ಮೂರು ಪ್ಯಾರಾಗಳನ್ನು ತೆಗೆದುಹಾಕಿ. ರೋಗಿ ತಾನಾಗಿ ಹೇಳಿದ್ದನ್ನು ಮಾತ್ರ ರೋಗಿಯ ಬಗ್ಗೆ ಬರೆಯಿರಿ. ಅದು ಕಡಿಮೆಯೇನೂ ಇಲ್ಲ. 2009ರ ಸೆಪ್ಟೆಂಬರ್ 9ರಂದು ಅವರು ವೇದಿಕೆಗೆ ಮರಳಿ, ಕಾರು ಅಪಘಾತದಲ್ಲಿ ತೀರಿಕೊಂಡ ಇಪ್ಪತ್ತರ ಹರೆಯದವರೊಬ್ಬರ ಯಕೃತ್ತು ತಮ್ಮಲ್ಲಿದೆ ಎಂದು ಹೇಳಿ, ಎಲ್ಲರೂ ಅಂಗದಾನಿಗಳಾಗಿರೆಂದು ಕೇಳಿಕೊಂಡರು. ಮರುವರ್ಷ, ಚಾಲನಾ ಪರವಾನಗಿ ಕೊಡುವಾಗ ಅಂಗದಾನದ ಬಗ್ಗೆ ಪ್ರತಿಯೊಬ್ಬರನ್ನೂ ಕೇಳಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನಿಗಾಗಿ ಗವರ್ನರ್ ಶ್ವಾರ್ಜ್‌ನೆಗರ್ ಅವರ ಜೊತೆ ನಿಂತು ಮಾತನಾಡಿದರು. ಮುಚ್ಚಿಟ್ಟುಕೊಂಡಿದ್ದ ಮನುಷ್ಯ ತಾನೇ ಬಾಗಿಲು ತೆರೆದ ಈ ಸಂದರ್ಭ ನಿಮ್ಮ ಹತ್ತು ಪುಟಗಳಲ್ಲಿ ಎಲ್ಲೂ ಇಲ್ಲ.

ತಿದ್ದಿದ ಪ್ರತಿಯಲ್ಲಿ ಪ್ರತಿ ದಿನಾಂಕದ ಪಕ್ಕ ಅದು ನಿಮಗೆ ಎಲ್ಲಿ ಸಿಕ್ಕಿತೆಂದು ಪೆನ್ಸಿಲಿನಲ್ಲಿ ಬರೆದು ಕಳಿಸಿ. ಅವನ್ನು ಪರಿಶೀಲಿಸಿ, ಅಚ್ಚಿಗೆ ಹೋಗುವ ಮುನ್ನ ನಾನೇ ಅಳಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ